ಮಗು ಕಳೆದುಕೊಂಡವಳು ಡೂಲಾ ಆಗಬಹುದಾ?

ಗುಬ್ಬಿಗೂಡು

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದವಳು, ಬರೆಯುತ್ತಿರುವುದು ಇದೇ ಮೊದಲು. ಸಾಗರದ ಕಡೆಯವಳು, ವಯಸ್ಸು 34. ಶಾಲೆಯಲ್ಲಿ ಟೀಚರ್ ಆಗಿದ್ದೆ, ಈಗ ಬಿಟ್ಟಿದ್ದೇನೆ.

ಎರಡು ವರ್ಷದ ಹಿಂದೆ ಎಂಟನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಸ್ಕ್ಯಾನ್ ಮಾಡುತ್ತಿದ್ದವರು ಮಾತು ನಿಲ್ಲಿಸಿದಾಗಲೇ ನನಗೆ ಗೊತ್ತಾಗಿತ್ತು. ಮಾತ್ರೆ ಇಟ್ಟು ನೋವು ಬರಿಸಿದರು. 18 ಗಂಟೆ ಹಿಡಿಯಿತು. ಅಷ್ಟರೊಳಗೆ ಪರದೆಯ ಆ ಕಡೆ ಎರಡು ಮಕ್ಕಳು ಹುಟ್ಟಿದವು, ಎರಡೂ ಅತ್ತವು.

ಅಲ್ಲಿ ಒಬ್ಬರು ಆಯಾ ಇದ್ದರು. ಡ್ಯೂಟಿ ಮುಗಿದರೂ ಮನೆಗೆ ಹೋಗದೆ ನನ್ನ ಸೊಂಟ ಒತ್ತುತ್ತಾ ಕೂತಿದ್ದರು. ಕೊನೆಗೆ ಮಗುವನ್ನು ಒರೆಸಿ, ಟವೆಲ್‌ನಲ್ಲಿ ಸುತ್ತಿ ತಂದು, "ನೋಡ್ತೀಯೇನವ್ವಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮತ್ತೆ, ನಮ್ಮಮ್ಮ ಇಬ್ಬರೂ "ಬೇಡ ಬೇಡ, ತಗೊಂಡು ಹೋಗಿ" ಅಂದುಬಿಟ್ಟರು. ನನಗೆ ಕಂಡಿದ್ದು ಟವೆಲ್‌ನ ನೀಲಿ ಗೆರೆ ಮಾತ್ರ. ಅಮ್ಮ, ಅತ್ತೆಯ ಮೇಲೆ ಸಿಟ್ಟಿಲ್ಲ. ನಾನು ಒಡೆದು ಹೋಗುತ್ತೇನೆ ಅಂತ ಹೆದರಿದ್ದರು.

ಆ ಆಯಾ ಮಾಡಿದ ಕೆಲಸ ನಾನು ಮಾಡಬೇಕು ಅನ್ನಿಸುತ್ತಿದೆ. ಹಾಗೆ ಹೆರಿಗೆ ಹೊತ್ತಿನಲ್ಲಿ ಪಕ್ಕದಲ್ಲೇ ಇದ್ದು ಧೈರ್ಯ ಹೇಳುವವರಿಗೆ ಡೂಲಾ ಅಂತ ಹೆಸರಿದೆ ಅಂತ ಇತ್ತೀಚೆಗೆ ತಿಳಿಯಿತು. ಅತ್ತೆಗೆ ಹೇಳಿದರೆ "ಅದೇನೇ ಅದು ಡೌಲು?" ಅಂತ ನಕ್ಕರು. ಎಲ್ಲಿ ಕಲಿಯಬೇಕು? ಹೆರಿಗೆಗೂ, ಹೀಗೆ ಮಗು ಹೋದವರ ಜೊತೆಗೂ, ಎರಡಕ್ಕೂ ಇರಬಹುದಾ? ನನ್ನಂಥವಳು ಬಸುರಿಯ ಪಕ್ಕ ಕೂತರೆ ಅಪಶಕುನ ಅಂತ ಅನ್ನುವುದಿಲ್ಲವಾ?

ಬೆನ್ನಿಗೊಂದು ಕೈ

ನಿಮ್ಮತ್ತೆಯ ಜೋಕು ನಾನು ಕದಿಯುತ್ತೇನೆ. ಬೆಂಗಳೂರಿನಲ್ಲಿ ಏಳು ವರ್ಷದಿಂದ ಡೂಲಾ ಕೆಲಸ ಮಾಡುತ್ತಿದ್ದೇನೆ, ಇನ್ನೂ ಅರ್ಧ ಜನ ಡೌಲಾ ಅಂತಲೇ ಕರೆಯುತ್ತಾರೆ.

ಮೊದಲು ಕಲಿಕೆ. ನಮ್ಮ ದೇಶದಲ್ಲಿ ಇದಕ್ಕೆ ಸರ್ಕಾರಿ ಲೈಸೆನ್ಸ್ ಇಲ್ಲ. ನರ್ಸುಗಳಿಗಿರುವ ಹಾಗೆ ಕೌನ್ಸಿಲ್ ಇಲ್ಲ. ಅಮೆರಿಕದಲ್ಲಿ 1992ರಲ್ಲಿ ಶುರುವಾದ ಡೋನಾ ಥರದ ಸಂಸ್ಥೆಗಳ ತರಬೇತಿ ತಗೊಂಡವರು ಇಲ್ಲಿ ಇದ್ದಾರೆ, ಇಲ್ಲಿಯವರೇ ನಡೆಸುವ ಕೋರ್ಸುಗಳೂ ಇವೆ. ಕೆಲವು ದಿನದ ತರಗತಿ, ಓದು, ಆಮೇಲೆ ನಾಲ್ಕಾರು ಹೆರಿಗೆಗೆ ಹೋಗಿ, ಆ ತಾಯಂದಿರಿಂದ ನಿಮ್ಮ ಬಗ್ಗೆ ಬರೆಸಿಕೊಂಡು ಬರುವುದು. ಲೈಸೆನ್ಸ್ ಇಲ್ಲ ಅಂದರೆ ಯಾರು ಬೇಕಾದರೂ ಬೋರ್ಡು ಹಾಕಬಹುದು ಅಂತಲೂ ಆಯಿತಲ್ಲ. ಹಾಗಾಗಿ ಸರ್ಟಿಫಿಕೇಟ್ ನೋಡಿ ಸೇರಬೇಡಿ. ಕಲಿಸುವವರು ಎಷ್ಟು ಹೆರಿಗೆ ನೋಡಿದ್ದಾರೆ, ಮಗು ಉಳಿಯದ ಹೆರಿಗೆ ಬಗ್ಗೆ ಎಷ್ಟು ಹೊತ್ತು ಕಲಿಸುತ್ತಾರೆ ಅಂತ ಕೇಳಿ. ನನ್ನ ಕೋರ್ಸಿನಲ್ಲಿ ಅದಕ್ಕೆ ಅರ್ಧ ಗಂಟೆ ಕೊಟ್ಟಿದ್ದರು. ಮಿಕ್ಕಿದ್ದು ಬಿದ್ದು ಕಲಿತೆ.

ಕೆಲಸ ಏನು ಅಂದರೆ, ಬಿಟ್ಟು ಹೋಗದೆ ಇರುವುದು. ಡಾಕ್ಟರ್ ಬಂದು ಹೋಗುತ್ತಾರೆ, ಸಿಸ್ಟರ್ ಶಿಫ್ಟ್ ಬದಲಾಗುತ್ತದೆ, ಗಂಡ ಬಿಲ್ ಕಟ್ಟೋಕೆ ಓಡುತ್ತಾನೆ. ನೀವು ಅಲ್ಲೇ ಇರುತ್ತೀರಿ. ಬೇನೆ ಬಂದಾಗಲೆಲ್ಲ ಸೊಂಟದ ಎರಡೂ ಕಡೆ ಅಂಗೈಯಿಟ್ಟು ಒಳಮುಖವಾಗಿ ಒತ್ತಬೇಕು. ನಾಲ್ಕು ಗಂಟೆ ಒತ್ತಿದರೆ ಮಾರನೇ ದಿನ ನಿಮಗೇ ಚೊಂಬು ಎತ್ತೋಕಾಗಲ್ಲ. ಮೆಕ್ಸಿಕೋದ ರೆಬೋಜೊ ಬಟ್ಟೆ ಅಂತ ಆನ್‌ಲೈನ್‌ನಲ್ಲಿ ದುಬಾರಿಗೆ ಮಾರುತ್ತಾರೆ, ತಗೋಬೇಡಿ. ಅಜ್ಜಿಯ ಹಳೇ ನೂಲಿನ ಸೀರೆ ಸಾಕು, ಹೊಟ್ಟೆ ಕೆಳಗೆ ಹಾಯಿಸಿ ಎತ್ತಿ ಹಿಡಿಯೋಕೆ ಅದಕ್ಕಿಂತ ಮೆತ್ತನೆಯದು ಸಿಗಲ್ಲ.

ಬಿಪಿ ನೋಡುವುದು, ಮಗುವಿನ ಎದೆಬಡಿತ ಕೇಳುವುದು, ಒಳಗೆ ಪರೀಕ್ಷೆ ಮಾಡುವುದು, ಮಾತ್ರೆ ಹೇಳುವುದು, ಇವ್ಯಾವುದೂ ನಮ್ಮದಲ್ಲ.

ಮಗು ಕಳೆದುಕೊಂಡವಳು ಡೂಲಾ ಆಗಬಹುದಾ ಅನ್ನುವುದಕ್ಕೆ ನನ್ನ ಉತ್ತರ: ಆಗಬಹುದು. ಆದರೆ ಇವತ್ತೇ ಬೇಡ. ಆ ಪರದೆಯ ಆ ಕಡೆಯ ಅಳು ನೆನಪಾದಾಗ ಈಗ ಏನಾಗುತ್ತದೆ ಅಂತ ನೀವೇ ನೋಡಿಕೊಳ್ಳಿ.

ಸ್ಟಾಫ್ ಸಿಸ್ಟರ್

ಸರ್ಕಾರಿ ಆಸ್ಪತ್ರೆ ಲೇಬರ್ ವಾರ್ಡಿನಲ್ಲಿ 11 ವರ್ಷದಿಂದ ಇದ್ದೇನೆ. ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಬೇಜಾರಾಗಬೇಡಿ.

ಹೆರಿಗೆ ವೇಳೆ ಒಬ್ಬ ಹೆಂಗಸು ಜೊತೆಗಿರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಆಮೇಲೆ ಹೆರಿಗೆ ಕೋಣೆಗಳನ್ನು ಸುಧಾರಿಸಲು 2017ರ ಕೊನೆಗೆ ಬಂದ ಲಕ್ಷ್ಯ ಕಾರ್ಯಕ್ರಮದಲ್ಲೂ ಅದು ಸೇರಿತು. ಆದರೆ ಅವರು ಹೇಳಿದ್ದು ಹೆರಿಗೆ ಅನುಭವ ಇರುವ ಮನೆಯವರನ್ನು. ಬಿಡುವುದು ಒಬ್ಬರನ್ನೇ. ನೀವು ಒಳಗೆ ಬಂದರೆ ಅವಳ ಅಮ್ಮ ಹೊರಗೆ. ಆ ಅಮ್ಮನ ಮುಖ ನೋಡಿಕೊಂಡು ನಿಲ್ಲುವವರು ನಾವು. ಖಾಸಗಿ ಕಡೆ ಡಾಕ್ಟರ್ ಒಪ್ಪಿದರೆ ನಡೆಯುತ್ತದೆ, ಒಪ್ಪದಿದ್ದರೆ ಕಾರಿಡಾರಿನಲ್ಲಿ ಬೆಂಚು.

ಇನ್ನೊಂದು. ಒಮ್ಮೆ ಒಬ್ಬ ಡೂಲಾ ಬಂದು, ನಾವು ಬೇನೆ ಹೆಚ್ಚಿಸುವ ಡ್ರಿಪ್ ಹಾಕಲು ಹೋದರೆ "ಅವರಿಗೆ ಬೇಡ" ಅಂದರು. ಪೇಷೆಂಟ್ ಬಾಯಿಂದ ಒಂದು ಮಾತಿಲ್ಲ. ಗರ್ಭಕೋಶದ ಬಾಯಿ ಗಂಟೆಗೆ 1 ಸೆಂಟಿಮೀಟರ್ ತೆರೆಯಲೇಬೇಕು ಅಂತೇನಿಲ್ಲ ಅನ್ನುವುದು ನಮಗೂ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದನ್ನು ನಾವೂ ಓದಿದ್ದೇವೆ. ವಾರ್ಡಿನ ಮಧ್ಯೆ ನಿಂತು ನಮಗೆ ಪಾಠ ಮಾಡಬೇಡಿ. ಅವಳ ಪರವಾಗಿ ನೀವು ಮಾತಾಡಿದರೆ, ಆ ಅತ್ತೆ ಮಾಡಿದ್ದಕ್ಕೂ ನೀವು ಮಾಡಿದ್ದಕ್ಕೂ ಏನು ವ್ಯತ್ಯಾಸ?

ಬೆನ್ನಿಗೊಂದು ಕೈ

ಸಿಸ್ಟರ್ ಹೇಳಿದ ಕೊನೇ ಸಾಲು ನಮ್ಮ ಕೋರ್ಸಿನಲ್ಲಿ ಇರಬೇಕಿತ್ತು. "ಅವರಿಗೆ ಬೇಡ" ಅನ್ನಬಾರದು. ಅವಳ ಕಡೆ ತಿರುಗಿ "ಸಿಸ್ಟರ್ ಡ್ರಿಪ್ ಹಾಕ್ತೀನಿ ಅಂತಿದ್ದಾರೆ, ನಿಂಗೇನಾದ್ರೂ ಕೇಳೋದಿದೆಯಾ?" ಅನ್ನಬೇಕು. ಅಷ್ಟೇ.

ಹುಣಸೆಮರ

ಬೈಯಬೇಡಿ, ನಿಜವಾಗಿ ಕೇಳುತ್ತಿದ್ದೇನೆ. ನಮ್ಮಜ್ಜಿ ಊರಿಗೆಲ್ಲ ಸೂಲಗಿತ್ತಿ. ಎಲೆ ಅಡಿಕೆ, ಒಂದು ಸೀರೆ ಕೊಟ್ಟರೆ ಮುಗಿಯಿತು. ಈಗ ಅದೇ ಕೆಲಸಕ್ಕೆ ಗ್ರೀಕ್ ಹೆಸರಿಟ್ಟು ಸಾವಿರಗಟ್ಟಲೆ ತಗೊಳ್ಳುವುದು ಯಾಕೆ?

ಬಜೆ ಬೆಳ್ಳುಳ್ಳಿ

ಹುಣಸೆಮರ ಅಣ್ಣಾ, ಎರಡೂ ಒಂದೇ ಕೆಲಸ ಅಲ್ಲ. ಸೂಲಗಿತ್ತಿ ಮಗು ಹಿಡಿಯುತ್ತಾಳೆ, ಹೊಕ್ಕುಳಬಳ್ಳಿ ಕತ್ತರಿಸುತ್ತಾಳೆ, ಕಸ (ಮಾಸು) ಬಿದ್ದಿದೆಯಾ ನೋಡುತ್ತಾಳೆ. ಡೂಲಾ ಇದ್ಯಾವುದನ್ನೂ ಮುಟ್ಟುವ ಹಾಗಿಲ್ಲ. ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಜಾಸ್ತಿ ಹೆರಿಗೆ ಮಾಡಿಸಿದರು, ಕಾಸು ತಗೊಳ್ಳಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರು ಎರಡೂ ಕೆಲಸ ಮಾಡುತ್ತಿದ್ದರು ನಿಜ, ಕೈಯಲ್ಲಿ ಮಗು, ಬಾಯಲ್ಲಿ ಧೈರ್ಯ. ಹೆರಿಗೆ ಆಸ್ಪತ್ರೆಗೆ ಹೋದ ಮೇಲೆ ಮಗು ಹಿಡಿಯುವ ಕೆಲಸ ಡಾಕ್ಟರಿಗೆ ಹೋಯಿತು. ಧೈರ್ಯ ಹೇಳುವ ಕೆಲಸ ಯಾರಿಗೆ ಹೋಯಿತು ಹೇಳಿ?

ಹೆಸರಿನ ವಿಷಯ: ಡೂಲಾ ಅಂದರೆ ಗ್ರೀಕಿನಲ್ಲಿ ದಾಸಿ. ಡೇನಾ ರಾಫೇಲ್ ಅನ್ನುವ ಮಾನವಶಾಸ್ತ್ರಜ್ಞೆ 1970ರ ದಶಕದಲ್ಲಿ ಚಾಲ್ತಿಗೆ ತಂದದ್ದು. ನನಗೂ ಆ ಹೆಸರು ಇಷ್ಟವಿಲ್ಲ.

ಇದರಿಂದ ಉಪಯೋಗ ಇದೆಯಾ ಅಂದರೆ, ಇದೆ. ಗ್ವಾಟೆಮಾಲಾದ ಒಂದು ಆಸ್ಪತ್ರೆಯಲ್ಲಿ ಕೆಲವರ ಪಕ್ಕ ಪರಿಚಯವೇ ಇಲ್ಲದ ಹೆಂಗಸೊಬ್ಬಳನ್ನು ಕೂರಿಸಿ ನೋಡಿದರು. 1980ರಲ್ಲಿ ಬಂದ ಲೆಕ್ಕ ಇದು: ಜೊತೆಗೆ ಜನ ಇದ್ದವರಿಗೆ ಆಸ್ಪತ್ರೆಗೆ ಸೇರಿದಾಗಿನಿಂದ ಹೆರಿಗೆವರೆಗೆ ಸರಾಸರಿ 8.8 ಗಂಟೆ, ಇಲ್ಲದವರಿಗೆ 19.3. 2017ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು 17 ದೇಶಗಳ 26 ಅಧ್ಯಯನ ಒಟ್ಟು ಸೇರಿಸಿ ನೋಡಿದಾಗಲೂ ಅದೇ ದಿಕ್ಕು. ಸಿಸೇರಿಯನ್ ಕಡಿಮೆ, ಹೆರಿಗೆ ಬಗ್ಗೆ ಕಹಿ ನೆನಪು ಕಡಿಮೆ.

ಹುಣಸೆಮರ

ಸರಿ, ತಿಳೀತು. ಆದರೂ ಮಗು ಹೋದ ಮನೆಯಲ್ಲಿ ದುಡ್ಡು ತಗೊಳ್ಳುವುದು ನನಗೆ ಒಗ್ಗಲ್ಲ.

ಬೆನ್ನಿಗೊಂದು ಕೈ

ನನಗೂ ಒಗ್ಗಲ್ಲ. ನಾನು ತಗೊಳ್ಳಲ್ಲ. ಆದರೆ ರಾತ್ರಿ ಎರಡಕ್ಕೆ ಹೊರಟರೆ ಪೆಟ್ರೋಲ್ ನನ್ನದೇ, ಮನೆಯಲ್ಲಿ ಮಗಳನ್ನು ನೋಡಿಕೊಳ್ಳುವವರಿಗೂ ಕೊಡಬೇಕು. ಅದನ್ನು ಮಿಕ್ಕ ಹೆರಿಗೆಗಳ ಫೀಸಿನಿಂದ ತೂಗಿಸುತ್ತೇನೆ. ಗಂಡನ ಸಂಬಳ ಇರುವುದರಿಂದ ಇದೆಲ್ಲ ನಡೆಯುತ್ತಿದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಗುಬ್ಬಿಗೂಡು, ಇದರಲ್ಲೇ ಮನೆ ನಡೆಸುವ ಲೆಕ್ಕ ಹಾಕಬೇಡಿ. ಸಾಗರದಲ್ಲಂತೂ ಕಷ್ಟ.

ಲೀಡ್ಸ್ ಕನ್ನಡತಿ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮಿಡ್‌ವೈಫ್ (ಹೆರಿಗೆ ಮಾಡಿಸುವವಳು) ಆಗಿದ್ದೇನೆ. ಅಮ್ಮನಿಗೆ ಮಗುವನ್ನು ತೋರಿಸಬಾರದು ಅನ್ನುವುದು ನಮ್ಮೂರಿನದ್ದು ಮಾತ್ರ ಅಂದುಕೊಳ್ಳಬೇಡಿ. ಬ್ರಿಟನ್‌ನಲ್ಲೂ 70ರ ದಶಕದವರೆಗೆ ಸತ್ತು ಹುಟ್ಟಿದ ಮಗುವನ್ನು ತಕ್ಷಣ ತೆಗೆದುಕೊಂಡು ಹೋಗಿಬಿಡುತ್ತಿದ್ದರು. ಎಲ್ಲಿ ಹೂತರು ಅಂತಲೂ ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲ. ಮಗು ಕಳೆದುಕೊಂಡವರೇ ಸೇರಿ 1978ರಲ್ಲಿ ಸ್ಯಾಂಡ್ಸ್ ಅನ್ನುವ ಸಂಸ್ಥೆ ಕಟ್ಟಿದರು. ಅಲ್ಲಿಂದ ನಿಧಾನಕ್ಕೆ ಬದಲಾಯಿತು. ಈಗ ಪ್ರತ್ಯೇಕ ಕೋಣೆ, ಮಗುವನ್ನು ತಣ್ಣಗೆ ಇಡುವ ತೊಟ್ಟಿಲು, ಪಾದದ ಅಚ್ಚು, ಒಂದೆಳೆ ಕೂದಲು. 2020ರಿಂದ ಅಪ್ಪ ಅಮ್ಮ ಇಬ್ಬರಿಗೂ ಎರಡು ವಾರ ರಜೆ. ಇಂಗ್ಲೆಂಡಿನಲ್ಲಿ 24 ವಾರಕ್ಕೆ ಮೊದಲೇ ಹೋದ ಮಗುವಿಗೂ 2024ರಿಂದ ಕೇಳಿದರೆ ಒಂದು ಪ್ರಮಾಣಪತ್ರ ಕೊಡುತ್ತಾರೆ.

ಆದರೆ ನಾವೂ ಇನ್ನೊಂದು ಅತಿಗೆ ಹೋಗಿದ್ದೆವು. "ನೋಡಿ, ನೋಡಿದರೆ ಒಳ್ಳೆಯದು" ಅಂತ ಒತ್ತಾಯ ಮಾಡುವಷ್ಟು. ಈಗ ಹಾಗಿಲ್ಲ. ಕೇಳುತ್ತೇವೆ. ಬೇಡ ಅಂದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳುತ್ತೇವೆ. ಆಗಲೂ ಬೇಡ ಅಂದರೆ ಬೇಡ.

ಒಂದು ಸಂಗತಿ, ಗುರುತು ಸಿಗದ ಹಾಗೆ ಬದಲಿಸಿ ಹೇಳುತ್ತೇನೆ. ಕನ್ನಡದ ಜೋಡಿ. ಊರಿನಿಂದ ವಿಡಿಯೋ ಕಾಲಿನಲ್ಲಿ ಅಜ್ಜಿ "ತೋರಿಸಬೇಡಿ" ಅಂತ ಕೂಗುತ್ತಿದ್ದರು. ನಾನು ಫೋನ್ ತಗೊಂಡು ಕನ್ನಡದಲ್ಲೇ "ಅಮ್ಮಾ, ನಿಮಗೇನು ಭಯ?" ಅಂದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ "ನಂದೂ ಒಂದು ಹೋಗಿತ್ತಮ್ಮಾ" ಅಂದರು. ಮೊಮ್ಮಗುವನ್ನು ಕೊನೆಗೆ ಮೊದಲು ನೋಡಿದ್ದು ಅವರೇ, ಫೋನಿನಲ್ಲಿ.

ಒಬ್ಬ ಅಪ್ಪ

ಇಲ್ಲಿ ಗಂಡಸರು ಬರೆಯಬಹುದೋ ಇಲ್ಲವೋ. ಐದು ವರ್ಷದ ಹಿಂದಿನ ಮಾತು.

ನನಗೆ ಒಂದು ಕಾಗದಕ್ಕೆ ಸಹಿ ಹಾಕಿಸಿ ಬಟ್ಟೆ ಗಂಟು ಕೈಗೆ ಕೊಟ್ಟರು. ನಾನು ಅದನ್ನು ಬ್ಯಾಗಿಗೆ ಹಾಕಬೇಕಾ, ಎತ್ತಿಕೊಳ್ಳಬೇಕಾ ಗೊತ್ತಾಗಲಿಲ್ಲ. ಎತ್ತಿಕೊಂಡೆ. ಆಟೋದವನು "ಪಾಪುಗೆ ಗಾಳಿ ತಾಗತ್ತೆ ಸಾರ್, ಕರ್ಟನ್ ಬಿಡ್ಲಾ?" ಅಂದ. ಹೂಂ ಅಂದೆ. ಸ್ಮಶಾನದ ಹತ್ತಿರ ಇಳಿದಾಗ ಅವನಿಗೆ ತಿಳಿಯಿತು. ದುಡ್ಡು ತಗೊಳ್ಳಲಿಲ್ಲ, ಹಾರೆ ಹುಡುಕಿಕೊಂಡು ಬಂದ. ನಮ್ಮ ಕಡೆ ಮಕ್ಕಳನ್ನು ಸುಡುವುದಿಲ್ಲ, ಹೂಳುವುದು. ಇಬ್ಬರೇ ಮಾಡಿದೆವು.

ಎಲ್ಲಿ ಅಂತ ನನ್ನ ಹೆಂಡತಿ ಇವತ್ತಿಗೂ ಕೇಳಿಲ್ಲ. ನಾನೂ ಹೇಳಿಲ್ಲ. ಪ್ರತಿ ವರ್ಷ ಒಬ್ಬನೇ ಹೋಗಿ ಬರುತ್ತೇನೆ, ಆಫೀಸಿಗೆ ಲೇಟ್ ಅಂತ ಹೇಳಿ. ನೀವು ಈ ಕೆಲಸಕ್ಕೆ ಬಂದರೆ, ಹೊರಗೆ ಬಿಲ್ ಹಿಡಿದು ನಿಂತವನನ್ನೂ ಒಂದು ಮಾತು ಕೇಳಿ.

ಬಜೆ ಬೆಳ್ಳುಳ್ಳಿ

ಅಣ್ಣಾ, ಖಂಡಿತ ಬರೆಯಬಹುದು. ಬರೆದಿದ್ದು ಒಳ್ಳೆಯದಾಯಿತು.

ಫೈಲು ಫೋಲ್ಡರು

ಎಚ್‌ಆರ್ ಕೆಲಸದಲ್ಲಿದ್ದೇನೆ. ಡೂಲಾ ಆಗುವವರು ಇದನ್ನು ಬಾಯಿಪಾಠ ಮಾಡಿಕೊಳ್ಳಿ, ಆ ಹೊತ್ತಿನಲ್ಲಿ ಮನೆಯವರಿಗೆ ಹುಡುಕಲು ಆಗುವುದಿಲ್ಲ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ (ಮೊದಲು 1961ರ ಕಾಯ್ದೆ, 2025ರ ನವೆಂಬರಿನಿಂದ ಸಾಮಾಜಿಕ ಭದ್ರತಾ ಸಂಹಿತೆ) "ಮಗು" ಅಂದರೆ ಸತ್ತು ಹುಟ್ಟಿದ ಮಗುವೂ ಸೇರಿ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. 26ನೇ ವಾರದವರೆಗೆ ಹೋದರೆ ಗರ್ಭಪಾತ ಅಂತ ಲೆಕ್ಕ, ಸಂಬಳ ಸಹಿತ 6 ವಾರ ರಜೆ. ಅದು ದಾಟಿದ್ದರೆ ಹೆರಿಗೆ ಅಂತಲೇ ಲೆಕ್ಕ, ಪೂರಾ ಹೆರಿಗೆ ರಜೆ ಸಿಗಬೇಕು. "ಮಗು ಇಲ್ಲವಲ್ಲ, ಯಾವಾಗ ಡ್ಯೂಟಿಗೆ ಬರ್ತೀರಿ?" ಅಂತ ಕೇಳುವ ಮ್ಯಾನೇಜರುಗಳಿದ್ದಾರೆ. ಗೊತ್ತಿಲ್ಲದೆ ಹದಿನೈದು ದಿನಕ್ಕೆ ವಾಪಸ್ ಬಂದವರನ್ನೂ ನೋಡಿದ್ದೇನೆ. ಕೇಂದ್ರ ಸರ್ಕಾರಿ ನೌಕರಿಯವರಿಗೆ 2022ರಿಂದ 60 ದಿನದ ವಿಶೇಷ ರಜೆಯ ಆದೇಶವೂ ಇದೆ. ಮತ್ತೆ, ಸತ್ತು ಹುಟ್ಟಿದ ಮಗುವನ್ನೂ ನೋಂದಣಿ ಮಾಡಿಸಬೇಕು, ಅದಕ್ಕೆ ನಮೂನೆ 3 ಅಂತ ಬೇರೆ ಫಾರಂ ಇದೆ.

ಗುಬ್ಬಿಗೂಡು

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಒಬ್ಬ ಅಪ್ಪ ಅವರ ಮಾತು ನಮ್ಮನೆಯವರಿಗೂ ಓದಿ ಹೇಳಿದೆ. ಅವರು ಎದ್ದು ಹೊರಗೆ ಹೋದರು. ರಾತ್ರಿ ಬಂದು ಜಾಗ ಹೇಳಿದರು. ನಾನು ಈ ಎರಡು ವರ್ಷ ಕೇಳಿಯೇ ಇರಲಿಲ್ಲ.

ಒಂದು ಮುಜುಗರದ ಪ್ರಶ್ನೆ. ಹಾಲಿನ ಬಗ್ಗೆ ಯಾರೂ ಹೇಳಿರಲಿಲ್ಲ. ಮೂರನೇ ದಿನ ಎದೆ ಕಲ್ಲಾಗಿತ್ತು, ರವಿಕೆ ನೆನೆದು ಹೋಗಿತ್ತು. ಅಮ್ಮ ಮಲ್ಲಿಗೆ ದಂಡೆ ತಂದು ಎದೆಗೆ ಕಟ್ಟಿದರು. ಅವತ್ತಿನಿಂದ ಮಲ್ಲಿಗೆ ಮುಡಿಯೋಕೆ ಆಗಿಲ್ಲ. ಅದು ಮೂಢನಂಬಿಕೆಯಾ? ನಾಳೆ ಬೇರೆಯವರು ಕೇಳಿದರೆ ಏನು ಹೇಳಲಿ?

ಸ್ಟಾಫ್ ಸಿಸ್ಟರ್

ಮುಜುಗರ ಯಾಕೆ, ಡಿಸ್ಚಾರ್ಜ್ ಮಾಡುವಾಗಲೇ ನಾವು ಹೇಳಬೇಕಿತ್ತು. ಮಗು ಇರಲಿ ಬಿಡಲಿ, ಕಸ ಹೊರಬಿದ್ದ ಮೇಲೆ ಎರಡರಿಂದ ನಾಲ್ಕು ದಿನಕ್ಕೆ ಹಾಲು ಇಳಿಯುತ್ತದೆ. ಐದನೇ ತಿಂಗಳಲ್ಲಿ ಹೋದರೂ ಬರಬಹುದು. ಬಿಗಿಯಾಗಿ ಹಿಡಿಯುವ ಒಳಉಡುಪು, ತಣ್ಣೀರು ಬಟ್ಟೆ. ತೀರಾ ನೋವಾದರೆ ಹಗುರಾಗುವಷ್ಟು ಮಾತ್ರ ಹಿಂಡಿ, ಪೂರ್ತಿ ಖಾಲಿ ಮಾಡಿದರೆ ಮತ್ತೆ ತುಂಬುತ್ತದೆ. ನಿಲ್ಲಿಸಲು ಮಾತ್ರೆ ಇದೆ, ಡಾಕ್ಟರನ್ನು ಕೇಳಬೇಕು, ಬಿಪಿ ಇದ್ದವರಿಗೆ ಹುಷಾರು. ಜ್ವರ ಬಂದು ಎದೆ ಕೆಂಪಾದರೆ ಆಸ್ಪತ್ರೆಗೆ ಬರಲೇಬೇಕು.

ಮಲ್ಲಿಗೆ ಮೂಢನಂಬಿಕೆ ಅಲ್ಲ. ನಮ್ಮ ದೇಶದಲ್ಲೇ ಅದನ್ನು ಹಾಲು ನಿಲ್ಲಿಸುವ ಬ್ರೋಮೋಕ್ರಿಪ್ಟಿನ್ ಮಾತ್ರೆಯ ಪಕ್ಕ ಇಟ್ಟು ಪರೀಕ್ಷೆ ಮಾಡಿದ್ದಾರೆ, 1988ರಲ್ಲಿ ಪ್ರಕಟವಾಯಿತು. ಹಾಲು ಇಳಿಸುವುದರಲ್ಲಿ ಹೂವು ಮಾತ್ರೆಗೆ ಹತ್ತಿರವೇ ಬಂದಿತ್ತು. ನಿಮ್ಮಮ್ಮ ಸರಿಯಾಗಿಯೇ ಮಾಡಿದ್ದರು. ಏನು ಮಾಡ್ತಿದೀನಿ ಅಂತ ನಿಮಗೊಂದು ಮಾತು ಹೇಳಿದ್ದರೆ ಚೆನ್ನಾಗಿರುತ್ತಿತ್ತು, ಅಷ್ಟೇ.

ಬೆನ್ನಿಗೊಂದು ಕೈ

ಇದಕ್ಕೆ ಸೇರಿಸುತ್ತೇನೆ. ಕೆಲವು ತಾಯಂದಿರು ಹಾಲು ನಿಲ್ಲಿಸುವ ಬದಲು ಹಾಲಿನ ಬ್ಯಾಂಕಿಗೆ ಕೊಡುತ್ತೇನೆ ಅನ್ನುತ್ತಾರೆ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ 1989ರಿಂದಲೇ ಇದೆ, ಈಗ ನಮ್ಮಲ್ಲೂ ಇವೆ. ನೀವಾಗಿ ಸಲಹೆ ಕೊಡಬೇಡಿ. ಕೇಳಿದರೆ ಹೇಳಿ.

ಇನ್ನು ಸಣ್ಣ ಸಣ್ಣ ಕೆಲಸ. ಅವಳ ಫೋನಿನಲ್ಲಿ ಗರ್ಭಿಣಿಯರ ಆ್ಯಪ್ ಇರುತ್ತದೆ. ಹೆರಿಗೆಯಾಗಿ ನಾಲ್ಕು ದಿನಕ್ಕೆ "ನಿಮ್ಮ ಮಗು ಈಗ ಅನಾನಸ್ಸಿನಷ್ಟು ದೊಡ್ಡದು" ಅಂತ ಬರುತ್ತದೆ. ಕೇಳಿ, ತೆಗೆಯಿರಿ. ಸೀಮಂತದ ಫೋಟೋದವನು ಆಲ್ಬಮ್ ಹಿಡಿದು ಮನೆಗೆ ಬರುತ್ತಾನೆ, ಅವನಿಗೆ ಫೋನ್ ಮಾಡಿ. ಆಶಾ ಕಾರ್ಯಕರ್ತೆಗೆ ವಿಷಯ ಮುಟ್ಟಿಸಿ, ಇಲ್ಲದಿದ್ದರೆ ಪಾಪ ಅವರು ತಾಯಿ ಕಾರ್ಡ್ ನೋಡಿಕೊಂಡು ಲಸಿಕೆಗೆ ಕರೆಯಲು ಬರುತ್ತಾರೆ. ತೊಟ್ಟಿಲನ್ನು ಮಾತ್ರ ಅವಳನ್ನು ಕೇಳದೆ ಅಟ್ಟಕ್ಕೆ ಹಾಕಬೇಡಿ.

ಗುಬ್ಬಿಗೂಡು

ಏಳು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕೋರ್ಸ್ ಮುಗಿಸಿದೆ. ಮೂರು ಹೆರಿಗೆಗೆ ಹೋದೆ. ಒಂದರಲ್ಲಿ ಸಿಸ್ಟರ್ ಹೇಳಿದ ಹಾಗೆ ಆರು ಗಂಟೆ ಕಾರಿಡಾರಿನ ಬೆಂಚೇ ಗತಿ. ಎರಡನೆಯದರಲ್ಲಿ ಮಗು ಅತ್ತಾಗ ನಾನೂ ಅತ್ತೆ, ಆದರೆ ಕೈ ಬಿಡಲಿಲ್ಲ. ಅಪಶಕುನ ಅಂತ ಒಂದು ಮನೆಯವರು ಅಂದರು. ಬಾಗಿಲಿಂದಲೇ ವಾಪಸ್ ಬಂದೆ.

ಹೋದ ವಾರ ಒಬ್ಬರು ಕರೆದರು. ಮಗುವಿನ ಬೆಳವಣಿಗೆಯಲ್ಲಿ ತೊಂದರೆ ಅಂತ ಸ್ಕ್ಯಾನ್‌ನಲ್ಲಿ ಗೊತ್ತಾಗಿ ಗರ್ಭ ತೆಗೆಸಬೇಕಾಗಿ ಬಂದವರು. ಇಡೀ ರಾತ್ರಿ ಜೊತೆಗಿದ್ದೆ. ಮಗುವನ್ನು ಒರೆಸಿ ತಂದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಎರಡು ವರ್ಷದಿಂದ ಇದೇ ಪ್ರಶ್ನೆಗಾಗಿ ಕಾದವಳು ನಾನು. "ನೋಡ್ತೀರಾ?" ಅಂದೆ. ಅವರು "ಬೇಡ" ಅಂದರು. ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಕೇಳಿದೆ. "ಬೇಡಕ್ಕಾ" ಅಂದರು. ನೋಡಿ, ಆಮೇಲೆ ಕೊರಗುತ್ತೀರಿ ಅನ್ನುವ ಮಾತು ನಾಲಿಗೆ ತುದಿವರೆಗೆ ಬಂದಿತ್ತು. ನುಂಗಿಕೊಂಡೆ. ಬೆಳಿಗ್ಗೆ ಅವರು ಒಂದೇ ಪ್ರಶ್ನೆ ಕೇಳಿದರು, ತೂಕ ಎಷ್ಟಿತ್ತು ಅಂತ. ನಾನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಹೇಳಿದೆ. (ಇಲ್ಲಿದ್ದ ತೂಕ, ವಾರ, ಊರು ತೆಗೆದಿದ್ದೇನೆ.)

ಬೆನ್ನಿಗೊಂದು ಕೈ

ನಾನಾಗಿದ್ದರೆ ಆ ಮಾತು ನುಂಗುತ್ತಿದ್ದೆನೋ ಇಲ್ಲವೋ. ಆದರೆ ಒಂದು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ತೂಕ, ಎಷ್ಟನೇ ವಾರ, ಯಾವ ಊರು ಎಲ್ಲ ಹಾಕಿದ್ದೀರಿ. ಅವರೂ ಇದನ್ನು ಓದಬಹುದು, ಅವರ ನಾದಿನಿಯೂ ಓದಬಹುದು. ಇಲ್ಲಿ ಬರೆಯುವ ಮೊದಲು ಅವರನ್ನು ಕೇಳಿದ್ದೀರಾ?

ಗುಬ್ಬಿಗೂಡು

ಕೇಳಿರಲಿಲ್ಲ. ಅಯ್ಯೋ. ತಕ್ಷಣ ಪೂರ್ತಿ ಅಳಿಸಿದೆ.

ಗುಬ್ಬಿಗೂಡು

ಸಂಜೆ ಅವರ ಮನೆಗೆ ಹೋಗಿ ತಪ್ಪಾಯಿತು ಅಂದೆ. ಬರೆದಿದ್ದನ್ನು ಓದಿ ಹೇಳಿದೆ. ಕಾಫಿ ಕೊಟ್ಟರು. ಬಹಳ ಹೊತ್ತು ಸುಮ್ಮನೆ ಕೂತಿದ್ದು, ಉಳಿದದ್ದು ಇರಲಿ ಅಕ್ಕಾ, ಬೇರೆ ಯಾರಿಗಾದರೂ ಬೇಕಾಗಬಹುದು ಅಂದರು. ಅದಕ್ಕೇ ಮತ್ತೆ ಹಾಕಿದ್ದೇನೆ. ತೂಕ ಮಾತ್ರ ಬೇಡವಂತೆ. ಆ ಚೀಟಿಯನ್ನೂ ಕೇಳಿದರು, ಕೊಟ್ಟು ಬಂದೆ.